ನಾನು ಕಂಡದ್ದನ್ನು ಅತ್ತವಳು

ನನ್ನ ಅಣ್ಣನ ಹೆಂಡತಿ ಅಳುವುದನ್ನು ನೀವು ಒಮ್ಮೆ ಕೇಳಬೇಕು. ಇದನ್ನು ಮೆಚ್ಚಿ ಬರೆಯುತ್ತಿದ್ದೇನೆಯೋ ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆಯೋ ಎಂದು ಕೇಳಿದರೆ, ಎರಡನೆಯದೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ನ್ಯಾಮತಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾ. ನಮ್ಮ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಬಹಳ ದಿನದ ಮೇಲೆ ಹತ್ತಿರದವರು ಸಿಕ್ಕರೆ, ಅದರಲ್ಲೂ ನಡುವೆ ಒಂದು ಸಾವು ಆಗಿಹೋಗಿದ್ದರೆ, ಯಾರೂ ಕುಶಲ ಕೇಳುವುದಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ಸೆರಗನ್ನು ಮುಖಕ್ಕೆ ಎಳೆದುಕೊಂಡು, ರಾಗವಾಗಿ ಅಳುತ್ತಾರೆ. ಆ ರಾಗದಲ್ಲೇ ನಡೆದದ್ದನ್ನೆಲ್ಲ ಹೇಳಬೇಕು. ಯಾರು ಹೇಗೆ ಸತ್ತರು, ಕೊನೆಗೆ ಏನಂದರು, ಮಣ್ಣಿಗೆ ಯಾರು ಬಂದರು, ಯಾರು ಬರಲಿಲ್ಲ. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಇನ್ನೊಂದು ಸಾಲು ಕೊಡುತ್ತಾರೆ. ಕೊನೆಗೆ ಮನೆಯವರು ನೀರು ತಂದುಕೊಡುತ್ತಾರೆ. ನೀರು ಕುಡಿದರೆ ಅಳು ಮುಗಿಯಿತು. ಮತ್ತೆ ಶುರು ಮಾಡುವ ಹಾಗಿಲ್ಲ.

ನನಗೆ ಇದು ಬರುವುದಿಲ್ಲ. ಐದನೇ ಕ್ಲಾಸಿಗೆ ಚನ್ನಗಿರಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಸೇರಿದವಳು ನಾನು. ಅಲ್ಲಿ ನಾವು ಮೂರು ಜನ ಲಂಬಾಣಿ ಹುಡುಗಿಯರು ನಮ್ಮ ಬೋಲಿಯಲ್ಲಿ ಮಾತಾಡಿಕೊಂಡರೆ ಉಳಿದವರು ಮೂಗು ಮುರಿಯುತ್ತಿದ್ದರು. ನಾವೂ ಬಿಟ್ಟೆವು. ಹೀಗಾಗಿ ನನ್ನ ಬೋಲಿಗೆ ಇಂದಿಗೂ ಹತ್ತು ವರ್ಷ ವಯಸ್ಸು. ಊಟ, ಆಟ, ಜಗಳ ಎಲ್ಲ ಮಾತಾಡುತ್ತೇನೆ. ಅದಕ್ಕಿಂತ ದೊಡ್ಡದು ಏನಾದರೂ ಬಂದರೆ ಕನ್ನಡಕ್ಕೆ ಜಾರುತ್ತೇನೆ. ಇತಿಹಾಸದ ಎಂ.ಎ. ಓದಿದ್ದು ಕನ್ನಡದಲ್ಲಿ, ಈಗ ಹೊನ್ನಾಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುವುದೂ ಕನ್ನಡದಲ್ಲೇ.

ಅಣ್ಣನ ಹೆಂಡತಿಯನ್ನು ನಮ್ಮಲ್ಲಿ ಭೋಜಾಯಿ ಎನ್ನುತ್ತಾರೆ. ನಮ್ಮ ಭೋಜಾಯಿ ಜಗಳೂರು ತಾಲ್ಲೂಕಿನ ತಾಂಡಾದಿಂದ ಬಂದವಳು. ಓದಿದ್ದು ಏಳನೇ ಕ್ಲಾಸು. ಆದರೆ ಯಾರ ಮನೆಗೆ ನೆಂಟರು ಬಂದರೂ ಮೊದಲು ಹೇಳಿಕಳಿಸುವುದು ಅವಳಿಗೆ. ಅವಳು ಹೆಗಲಿಗೆ ತಲೆಯಿಟ್ಟು ಒಂದು ಎಳೆ ತೆಗೆದರೆ ಸಾಕು, ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುವ ಗಂಡಸರೂ ಬಾಯಿ ನಿಲ್ಲಿಸುತ್ತಾರೆ. ನನ್ನ ಅಪ್ಪ, ನಾನು ಪದವಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಾಗ "ಹ್ಞೂ, ಆತಲ್ಲ" ಎಂದಷ್ಟೇ ಅಂದವರು, ಸೊಸೆ ಅತ್ತದ್ದನ್ನು ಮಾತ್ರ ವಾರವಿಡೀ ಹೇಳಿಕೊಂಡು ತಿರುಗುತ್ತಿದ್ದರು.

ಅಷ್ಟನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದಂತೆ ಆದದ್ದು ಕಾಕಿಯ ಸಾವಿನಿಂದ.

ಎರಡು ವರ್ಷದ ಹಿಂದಿನ ಮಾತು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ತಾಂಡಾದ ಹೆಂಗಸರು ನಲ್ಲೂರಿನ ಕಡೆ ಕೂಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಒಂದು ಗೂಡ್ಸ್ ಗಾಡಿ ಬಂದು ಕರೆದೊಯ್ಯುತ್ತಿತ್ತು. ಅವತ್ತು ಚನ್ನಗಿರಿಯ ಒಂದು ಕಾಲೇಜಿನಲ್ಲಿ ನನಗೆ ಕೆಲಸದ ಸಂದರ್ಶನ. ಬಸ್ಸು ಬರಲಿಲ್ಲ. "ಬಾರೇ, ನಲ್ಲೂರಲ್ಲಿ ಇಳ್ಕೊಂಡು ಬಸ್ ಹಿಡಿ" ಎಂದು ಕಾಕಿ ಹಿಂದೆ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕಾಕಿ ಎಂದರೆ ಅಪ್ಪನ ತಮ್ಮನ ಹೆಂಡತಿ. ಮಕ್ಕಳಿರಲಿಲ್ಲ, ಕಾಕಾ ಮೊದಲೇ ತೀರಿಕೊಂಡಿದ್ದರು. ಅವಳಿಗೆ ತವರು ಅಂತ ಇದ್ದದ್ದು ಜಗಳೂರು ಕಡೆ, ಭೋಜಾಯಿಯ ತವರಿನ ತಾಂಡಾದಲ್ಲೇ ಇದ್ದ ಅಕ್ಕ ಒಬ್ಬಳೇ.

ಸಣ್ಣಗೆ ಮಳೆ ಹನಿಯುತ್ತಿದ್ದುದರಿಂದ ಗಾಡಿಯ ಮೇಲೆ ನೀಲಿ ಟಾರ್ಪಾಲು ಎಳೆದು ನಾಲ್ಕೂ ಕಡೆ ಹಗ್ಗ ಬಿಗಿದಿದ್ದರು. ಒಳಗೆ ಏಳು ಹೆಂಗಸರು. ಕೆರೆಬಿಳಚಿ ದಾಟಿ ಭದ್ರಾ ಚಾನಲ್ ಏರಿಯ ಮೇಲೆ ಹೋಗುವಾಗ ಎದುರಿಗೆ ಟ್ರ್ಯಾಕ್ಟರ್ ಬಂತಂತೆ. ನನಗೆ ಅದು ಕಾಣಲಿಲ್ಲ. ಕಂಡದ್ದು ಇಷ್ಟು: ಗಾಡಿ ಒಂದು ಕಡೆ ವಾಲಿತು, ಹೆಂಗಸರೆಲ್ಲ ನನ್ನ ಮೇಲೆ ಬಿದ್ದರು, ಹಲಗೆಯ ಸಂದಿಯಿಂದ ನೀರು ಒಳಗೆ ಬಂತು. ಭದ್ರಾ ನೀರು ಆ ಹೊತ್ತಿನಲ್ಲಿ ಎಷ್ಟು ತಣ್ಣಗಿರುತ್ತದೆ ಎಂದರೆ ಕೂಗಲು ಬಾಯಿ ತೆರೆದರೆ ದನಿ ಬರುವುದಿಲ್ಲ. ತಲೆಯ ಮೇಲೆ ಟಾರ್ಪಾಲು. ಎಲ್ಲ ನೀಲಿ.

ಕಾಕಿ ಸೊಂಟದಿಂದ ಅಡಿಕೆ ಸುಲಿಯುವ ಕತ್ತಿ ತೆಗೆದು ಟಾರ್ಪಾಲನ್ನು ಸೀಳಿದಳು. ಒಬ್ಬೊಬ್ಬರನ್ನೇ ಕುಂಡೆಗೆ ಕೈ ಕೊಟ್ಟು ಮೇಲೆ ತಳ್ಳಿದಳು. ನಾನು ಆ ಸೀಳಿನ ಕೆಳಗೇ ಇದ್ದೆ. ನನ್ನ ಎರಡೂ ಕೈ ಒಂದು ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದವು. ಅದರಲ್ಲಿ ಎಸ್ಸೆಸ್ಸೆಲ್ಸಿಯಿಂದ ಎಂ.ಎ. ತನಕದ ಅಸಲಿ ಅಂಕಪಟ್ಟಿಗಳು. ಕೈ ಬಿಟ್ಟರೆ ಅಂಚು ಹಿಡಿದು ಹತ್ತಬಹುದು ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಾಗಲಿಲ್ಲ. ಆಗ ಕಾಕಿ ಅಂದದ್ದು, ಕನ್ನಡದಲ್ಲಿ ಹೇಳಿದರೆ ಹೀಗೆ:

"ಬಿಡೇ ಅದನ್ನ, ಮುಂಡೇದೆ! ಮಾರ್ಕ್ಸ್ ಕಾರ್ಡ್ ಇನ್ನೊಂದು ಕೊಡ್ತಾರೆ!"

ಫೈಲು ಕಿತ್ತು ಎಸೆದು ನನ್ನನ್ನು ತಳ್ಳಿದಳು. ನಾನು ಹೊರಗೆ ಬಂದೆ. ಗಾಡಿ ಪೂರ್ತಿ ಮಗುಚಿಕೊಂಡಿತು. ಕಾಕಿ ಬರಲಿಲ್ಲ.

ಕಾಕಿ ಹೇಳಿದ್ದು ಸರಿಯೇ. ವಿಶ್ವವಿದ್ಯಾಲಯದವರು ಇನ್ನೊಂದು ಕೊಟ್ಟರು. ಮೇಲೆ 'ಎರಡನೇ ಪ್ರತಿ' ಎಂಬ ಮುದ್ರೆ ಇದೆ. ಫೈಲನ್ನು ಎಷ್ಟು ಹೊತ್ತು ಹಿಡಿದಿದ್ದೆ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ತರಗತಿಯಲ್ಲಿ ಹಾಜರಿ ಕರೆಯುವಾಗ, ಹಾಲು ಕಾಯಿಸುವಾಗ, ಬಸ್ಸು ಸೇತುವೆಗೆ ಬಂದಾಗ ಮನಸ್ಸಿನಲ್ಲೇ ಎಣಿಸಿ ನೋಡುತ್ತೇನೆ. ಒಮ್ಮೆ ಮೂರಕ್ಕೆ ಬಿಡುತ್ತೇನೆ, ಒಮ್ಮೆ ಹತ್ತಾದರೂ ಬಿಡುವುದಿಲ್ಲ.

ಮೂರನೇ ದಿನ ಕಾಕಿಯ ಅಕ್ಕ ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಹೊಸ್ತಿಲಲ್ಲಿ ನಿಂತು ನನ್ನ ಕಡೆ ಎರಡೂ ಕೈ ಚಾಚಿದಳು. ಕೊನೆಯ ಗಳಿಗೆಯಲ್ಲಿ ತಂಗಿಯ ಜೊತೆ ಇದ್ದವಳು ನಾನು ಎಂದು ಯಾರೋ ಹೇಳಿದ್ದರು. ನಾನು ಏನು ಮಾಡಿದೆ? ಹಾಸ್ಟೆಲ್ಲಿನಲ್ಲಿ ಕಲಿತ ಮರ್ಯಾದೆ. ಓಡಿಹೋಗಿ ಒಂದು ಚೆಂಬು ತಣ್ಣೀರು ತಂದು ಆ ಕೈಗಳಿಗೆ ಕೊಟ್ಟೆ.

ಜಗುಲಿಯ ಮೇಲಿನ ಹೆಂಗಸರೆಲ್ಲ ಒಮ್ಮೆಗೇ "ಅಯ್ಯೋ" ಅಂದರು. ಆಗಲೂ ನನಗೆ ತಿಳಿಯಲಿಲ್ಲ. ಮುದುಕಿ ಚೆಂಬನ್ನೇ ನೋಡುತ್ತ ನಿಂತಳು. ದಾಹವಾಗಿತ್ತೋ, ಕೊಟ್ಟ ನೀರನ್ನು ಬೇಡ ಅನ್ನಬಾರದು ಎಂದೋ, ಕುಡಿದಳು. ಅಲ್ಲಿಗೆ ಮುಗಿಯಿತು. ಅಳು ಶುರುವಾಗುವ ಮೊದಲೇ ನಾನು ಮುಗಿಸಿದ್ದೆ. ಒಂದು ಗಂಟೆ ಮಂಚದ ಮೇಲೆ ಗೋಡೆ ನೋಡುತ್ತ ಕೂತು, ಹೊತ್ತಾಯಿತೆಂದು ಎದ್ದು ಹೊರಟುಬಿಟ್ಟಳು.

ಭೋಜಾಯಿ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಹಿಂದೆ ಓಡಿದಳು. ಬಸ್ ನಿಲ್ದಾಣದ ಹುಣಸೆಮರದ ಕೆಳಗೆ ಅವಳನ್ನು ತಬ್ಬಿಕೊಂಡು ಅತ್ತಳು. ಎರಡು ಬಸ್ಸು ಬಂದು ಹೋದವಂತೆ. ಆ ಅಳುವಿನಲ್ಲಿ ಚಾನಲ್ ಇತ್ತು, ಟಾರ್ಪಾಲು ಇತ್ತು, ಕತ್ತಿ ಇತ್ತು. ಕೊನೆಯಲ್ಲಿ ಕಾಕಿ ನೀರಿನಿಂದ ಕೈ ಎತ್ತಿ, ಅಕ್ಕನ ಹೆಸರು ಹಿಡಿದು ಮೂರು ಸಲ ಕೂಗಿದಳು ಎಂದೂ ಇತ್ತು. ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದವಳಿಗೆ ಇದೆಲ್ಲ ಎಲ್ಲಿಂದ ಬಂತು?

ಅಂದಿನಿಂದ ಕಾಕಿಯ ಸಾವು ಭೋಜಾಯಿಯದಾಯಿತು. ನೆಂಟರು ಬಂದಾಗೆಲ್ಲ ಅದನ್ನೇ ಅಳುತ್ತಿದ್ದಳು, ಸಲದಿಂದ ಸಲಕ್ಕೆ ಚೆನ್ನಾಗಿ ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ನನ್ನ ಜೊತೆ ಗಾಡಿಯಲ್ಲಿದ್ದ ಹೆಂಗಸರೂ ಈಗ ಕಾಕಿ ಅಕ್ಕನನ್ನು ಕೂಗಿದ್ದು ತಮ್ಮ ಕಿವಿಗೇ ಬಿತ್ತು ಅನ್ನತೊಡಗಿದ್ದರು.

ಕಳೆದ ನವೆಂಬರಿನಲ್ಲಿ ಕಾಲೇಜಿನಲ್ಲಿ ನಾನೊಂದು ಕಾರ್ಯಕ್ರಮ ಮಾಡಿದೆ. ಯುರೋಪಿನ ರೋಮಾ ಜನರ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೆ. ಶತಮಾನಗಳ ಹಿಂದೆ ಹಿಂದೂಸ್ಥಾನದಿಂದ ಹೊರಟು, ಊರಿಂದೂರಿಗೆ ಓಡಿಸಿಕೊಂಡು, ಒದೆ ತಿಂದುಕೊಂಡು, ಆದರೂ ಮಾತನ್ನು ಬಿಡದೆ ಹೊತ್ತುಕೊಂಡು ಹೋದವರು. ಅವರ ಮಾತು ರೋಮಾನಿ. ನೀರಿಗೆ ಅವರೂ ಪಾನಿ ಎನ್ನುತ್ತಾರೆ, ಕಿವಿಗೆ ಕಾನ್ ಎನ್ನುತ್ತಾರೆ, ನಮ್ಮ ಹಾಗೆಯೇ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ಹಿಂದೆಯೇ ಅಸೂಯೆ ಬಂತು. ಅವರ ಭಾಷೆಗೆ ನವೆಂಬರಿನಲ್ಲಿ ಒಂದು ದಿನವೇ ಇದೆ. ನಿಘಂಟುಗಳಿವೆ, ಪದ್ಯದ ಪುಸ್ತಕಗಳಿವೆ, ರೇಡಿಯೊ ಇದೆ. ನಮ್ಮ ಬೋಲಿಗೆ ತನ್ನದೇ ಲಿಪಿ ಇಲ್ಲ, ಜನಗಣತಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ. ರೋಮಾನಿಯ ನೆಪದಲ್ಲಿ ನಮ್ಮದಕ್ಕೂ ಒಂದು ದಿನ ಸಿಗಲಿ ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿದೆ. ಎರಡು ವಾರ ಕೂತು ಸ್ಲೈಡು ಮಾಡಿದೆ. ತೀಜ್ ಹಬ್ಬದ ಎರಡು ಹಾಡು ಹೇಳಲಿ ಎಂದು ಭೋಜಾಯಿಯನ್ನು ಕರೆದೆ. ಕರೆಯುವಾಗಲೇ ಒಳಗೆ ಏನೋ ಬೇಡ ಅಂದಿತ್ತು.

ನನ್ನ ಭಾಷಣ ಚೆನ್ನಾಗಿಯೇ ಆಯಿತು. "ಮೇಡಂ, ಹಂಗಾದ್ರೆ ನೀವು ಫಾರಿನ್ನೋರಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿ ನಗಿಸಿದ. ಭೋಜಾಯಿ ಹಾಡು ಹೇಳಿದಳು. ಆಮೇಲೆ ನಮ್ಮ ತಾಂಡಾದವಳೇ ಆದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಭೋಜಾಯಿ, ಅಳೋದು ತೋರ್ಸು, ಇವ್ರು ಯಾರೂ ಕೇಳಿಲ್ಲ" ಅಂದಳು.

ಭೋಜಾಯಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಆ ಹುಡುಗಿಯನ್ನು ಹತ್ತಿರ ಕರೆದು, ಹೆಗಲಿಗೆ ತಲೆಯಿಟ್ಟು, ಕಾಕಿಯ ಸಾವನ್ನು ಅತ್ತಳು. ಬೋಲಿ ತಿಳಿಯದ ಮಕ್ಕಳು. ಲಿಂಗಾಯತರ ಮಕ್ಕಳು, ಸಾಬರ ಮಕ್ಕಳು, ಕುರುಬರ ಮಕ್ಕಳು, ಎಲ್ಲರೂ ಕಣ್ಣೊರೆಸಿಕೊಂಡರು. ಫೋನು ಎತ್ತಿ ಹಿಡಿದವರು ಹಾಗೇ ಕೆಳಗಿಟ್ಟರು. ನನ್ನ ಕೊನೆಯ ಸ್ಲೈಡು ಗೋಡೆಯ ಮೇಲೆ ಉರಿಯುತ್ತಲೇ ಇತ್ತು, ಯಾರೂ ಅತ್ತ ನೋಡಲಿಲ್ಲ.

"ಅದ್ಭುತ ಕಣ್ರೀ!" ಎಂದು ಪ್ರಿನ್ಸಿಪಾಲರು ಅವಳಿಗೆ ಶಾಲು ಹೊದಿಸಿದರು. ನನ್ನ ಕಡೆ ತಿರುಗಿ, "ನಿಮ್ಮ ಬದ್ಲು ಇವ್ರನ್ನೇ ಪಾಠಕ್ಕೆ ಕರೀಬೇಕಿತ್ತು ಮೇಡಂ" ಎಂದು ನಕ್ಕರು. ನಾನೂ ನಕ್ಕೆ. ನಗುವಾಗ ದವಡೆ ನೋಯುತ್ತಿತ್ತು.

ನ್ಯಾಮತಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು. ಸನ್ಮಾನದ ಹಣ್ಣಿನ ಬುಟ್ಟಿಯಿಂದ ಕಿತ್ತಳೆ ತೆಗೆದು ಸುಲಿಯುತ್ತ ಭೋಜಾಯಿ ಕೇಳಿದಳು:

"ಏನು ಮೇಡಂ, ಮುಖ ಊದಿಸ್ಕೊಂಡು ಕೂತೀಯ?"

"ನೀನು ಅಲ್ಲಿ ಇರ್ಲಿಲ್ಲ ಭೋಜಾಯಿ."

"ಇರ್ಲಿಲ್ಲ."

"ಕಾಕಿ ಯಾರನ್ನೂ ಕೂಗ್ಲಿಲ್ಲ. ಸುಳ್ಳು ಅಳ್ತೀಯ ನೀನು."

"ಮತ್ತೆ ಏನಂದ್ಲು?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಕಿತ್ತಳೆ ತೊಳೆಯನ್ನು ನನ್ನ ಕೈಗಿಟ್ಟಳು. "ನೋಡು, ಮೂರು ಸರ್ತಿ ಕೇಳೀನಿ ನಿನ್ನ. ಆಸ್ಪತ್ರೇಲಿ ಕೇಳ್ದೆ. ಮನೇಲಿ ಕೇಳ್ದೆ. ಮಣ್ಣು ಮಾಡಿದ ದಿನ ಕೇಳ್ದೆ. ನೀನು 'ಆಮೇಲೆ' ಅಂದೆ. ಪೊಲೀಸ್ರಿಗೆ ಕನ್ನಡದಾಗೆ ನಾಕು ಪುಟ ಬರ್ಕೊಟ್ಟೆ. ಪೇಪರ್‌ನೋರಿಗೆ ಹೇಳ್ದೆ. ನಮಗೆ ಹೇಳ್ಲಿಲ್ಲ. ಆ ಜಾಗ ಖಾಲಿ ಇತ್ತು. ಅಳುವಾಗ ಖಾಲಿ ಬಿಡಾಕೆ ಬರಲ್ಲ, ಏನೋ ಒಂದು ಹಾಕ್ದೆ. ನಿನ್ ತಾವ ಐತಲ್ಲ, ನೀನೇ ಹೋಗಿ ಅಳು. ಯಾರು ಹಿಡ್ಕೊಂಡವ್ರೆ?"

ಪೊಲೀಸರಿಗೆ ಬರೆದುಕೊಟ್ಟ ಆ ನಾಲ್ಕು ಪುಟಗಳಲ್ಲಿ ಫೈಲಿನ ಸುದ್ದಿ ಇರಲಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ಆ ಮಾತು ಚುಚ್ಚಿ, ಡಿಸೆಂಬರಿನ ಒಂದು ಭಾನುವಾರ ಜಗಳೂರಿಗೆ ಹೋದೆ. ಅವಳಿಗೆ ಹೇಳದೆ ಹೋದೆ. ಹೇಳಿದ್ದರೆ "ನಾನೂ ಬರ್ತೀನಿ, ನನ್ನ ತವರು" ಅನ್ನುತ್ತಿದ್ದಳು.

ಕಾಕಿಯ ಅಕ್ಕ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಬಾ. ನೀರು ಬೇಕೇನು? ನಿಮ್ಮನೇಲಿ ಬಾಳ ಬೇಗ ಕೊಡ್ತಾರೆ."

ನಾನು ಅವಳ ಪಕ್ಕ ಮಣ್ಣಿನಲ್ಲೇ ಕೂತೆ. "ಯಾಡಿ, ತಪ್ಪಾತು" ಅಂದೆ. ಯಾಡಿ ಎಂದರೆ ಅಮ್ಮ. "ನನಗೆ ಗೊತ್ತಾಗ್ಲಿಲ್ಲ. ಹೇಳಾಕೆ ಬಂದೀನಿ."

"ಹೇಳಾಕೆ ಫೋನ್ ಐತಲ್ಲ."

"ಅಳಾಕೆ ಬಂದೀನಿ."

"ನೀರು ಕುಡ್ದಾತು."

ಹಾಗಂದು ಇನ್ನೊಂದು ಸಾಲು ಕಾಳು ಬಿಡಿಸಿದಳು. ಆಮೇಲೆ ಅವಳೇ ತೆನೆಯನ್ನು ಮೊರಕ್ಕೆ ಹಾಕಿ, ಕೈ ಕೊಡವಿಕೊಂಡಳು. "ಅವತ್ತು ಕುಡ್ದಿದ್ದು ನಿಮ್ಮನೆ ನೀರು. ಇದು ನಮ್ಮನೆ. ಇಲ್ಲಿ ನಾನು ಹೇಳ್ದಂಗೆ. ಬಾ, ಇಲ್ಲಿಡು ತಲೆ."

ಅವಳ ಹೆಗಲಿಗೆ ತಲೆಯಿಟ್ಟೆ. ಹೊಗೆಯ ವಾಸನೆ, ಎಣ್ಣೆಯ ವಾಸನೆ. ದನಿ ತೆಗೆದೆ. ಹತ್ತು ವರ್ಷದ ಮಗುವಿನ ಬೋಲಿಯಲ್ಲಿ, ರಾಗವಿಲ್ಲದ ರಾಗದಲ್ಲಿ ಗಾಡಿಯನ್ನು ಹತ್ತಿದೆ. ಮಾತು ಸಿಗದ ಕಡೆ ಕನ್ನಡ ಹಾಕಿದೆ. ಮುದುಕಿ ನಡುವೆ ಬೆನ್ನು ತಟ್ಟಿ, "ಸಾಲು ಮುಗ್ಯೋವಾಗ ಯಾಡೀ ಅಂತ ಎಳೀಬೇಕು, ಎಳಿ" ಎಂದು ತಿದ್ದಿದಳು. ಎಳೆದೆ. ಕೆರೆಬಿಳಚಿ ದಾಟಿತು. ನೀರು ಬಂತು. ಟಾರ್ಪಾಲು ಸೀಳಿತು. ಫೈಲಿನ ಹತ್ತಿರ ಬಂದು ನಿಂತುಬಿಟ್ಟೆ. ಅವಳು ನನ್ನ ಬೆನ್ನಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ಹೇಳಿದೆ. ಹಿಡಿದುಕೊಂಡಿದ್ದೆ, ಬಿಡಲಿಲ್ಲ, ಕಾಕಿ ಹೀಗೆ ಬೈದಳು ಎಂದು.

ಮುದುಕಿ ತಟ್ಟನೆ ತಲೆಯೆತ್ತಿದಳು. "ಮುಂಡೇದೆ ಅಂದ್ಲಾ?"

"ಅಂದ್ಲು ಯಾಡಿ."

ಕಣ್ಣಿನಲ್ಲಿ ನೀರು ಇಳಿಯುತ್ತಿದ್ದಂತೆಯೇ ಅವಳು ನಕ್ಕಳು. "ಅದೇ ಅವಳು! ನನಗೂ ಹಂಗೇ ಅಂತಿದ್ಲು. ಹೆಸರು ಹಿಡ್ದು ಒಂದಿನ ಕೂಗ್ದೋಳಲ್ಲ. ನಿಮ್ಮ ಭೋಜಾಯಿ ಅತ್ತಾಗ್ಲೇ ನನಗೆ ಅನುಮಾನ." ಮತ್ತೆ ತೆನೆ ಕೈಗೆತ್ತಿಕೊಂಡು, ನನ್ನ ಕಡೆ ನೋಡದೆ ಕೇಳಿದಳು: "ಎಷ್ಟೊತ್ತು ಹಿಡ್ಕೊಂಡಿದ್ದೆ ಆ ಕಾಗದಾನ?"

"ಗೊತ್ತಿಲ್ಲ."

ಅವಳು ಹೋಗಲಿ ಬಿಡು ಅನ್ನಲಿಲ್ಲ. ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ. ಒಂದು ಪೂರ್ತಿ ತೆನೆ ಬಿಡಿಸಿ ಮುಗಿಸಿದಳು. ಆಮೇಲೆ ಸೊಸೆಯನ್ನು ಕೂಗಿ ರೊಟ್ಟಿ ಹಾಕಿಸಿದಳು. ನಾನು ಉಂಡೆ. ಎರಡು ವರ್ಷದಲ್ಲಿ ಅಷ್ಟು ರೊಟ್ಟಿ ನಾನು ಉಂಡಿರಲಿಲ್ಲ.

ಹೊರಡುವಾಗ ನನ್ನೊಳಗೆ ಗೆದ್ದ ಭಾವನೆ ಇತ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೂ ಇದು ನನ್ನದಾಯಿತು ಅಂದುಕೊಂಡೆ. ಅಷ್ಟರಲ್ಲಿ ಮುದುಕಿ ಅಂದಳು:

"ನೀನು ಅತ್ತಿದ್ದು ಕೋರ್ಟಲ್ಲಿ ಸಾಕ್ಷಿ ಹೇಳ್ದಂಗಿತ್ತು. ಬ್ಯಾಸರ ಮಾಡ್ಕೋಬ್ಯಾಡ. ಸುದ್ದಿ ನಿಂದು ಸರಿ, ರಾಗ ಅವಳ್ದು ಸರಿ. ಅವಳಿಗೆ ಎಲ್ಲಾ ಹೇಳು. ಹೋಳಿ ಹಬ್ಬಕ್ಕೆ ಬರ್ಲಿ, ಬಂದು ಸರಿಯಾಗಿ ಅಳ್ಲಿ. ನಾನು ಕಣ್ಣು ಮುಚ್ಚೋದ್ರಾಗೆ ಒಂದ್ಸಲ ಅದನ್ನ ನೆಟ್ಟಗೆ ಕೇಳ್ಬೇಕು."

ದಾವಣಗೆರೆಯ ತನಕ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದೆ. ನೀರಿನಲ್ಲಿ ಇದ್ದವಳು ನಾನು. ಬೈಸಿಕೊಂಡವಳು ನಾನು. ಹೋಗಿ ಒಪ್ಪಿಕೊಂಡವಳೂ ನಾನು. ಅಷ್ಟನ್ನೂ ಕಟ್ಟಿ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಡಬೇಕೆ?

ಎಂಟು ದಿನ ಹೇಳಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಭೋಜಾಯಿ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲಿಗೆ ಒರಗಿ ಚಹಾ ಕುಡಿಯುತ್ತಿದ್ದೆ.

"ಜಗಳೂರಿಗೆ ಹೋಗಿದ್ಯಂತೆ" ಅಂದಳು, ತಲೆ ಎತ್ತದೆ. "ನನ್ನ ತವ್ರೋರಿಗೆ ನನಗಿಂತ ನೀನು ಹತ್ರ ಆದೆ."

ಆ ದನಿಯಲ್ಲಿ ನನಗೆ ಗುರುತಾಗುವ ಒಂದು ಖಾರ ಇತ್ತು. ಅವಳಿಗೂ ಹೊಟ್ಟೆ ಉರಿಯುತ್ತಿದೆ ಎಂದು ಗೊತ್ತಾಗಿ, ಸಣ್ಣತನವೇ ಇರಲಿ, ನನಗೆ ತುಂಬ ಹಿತವಾಯಿತು. ಆ ಹಿತದಲ್ಲೇ ಬಾಯಿ ಬಿಚ್ಚಿಕೊಂಡಿತು. ಎಲ್ಲ ಹೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಪೊಲೀಸರು ಕೇಳದ್ದನ್ನೆಲ್ಲ ಕೇಳಿದಳು. ಟಾರ್ಪಾಲು ಹರಿದಾಗ ಸದ್ದು ಆಯಿತೇ? ಕತ್ತಿ ಯಾವ ಕೈಯಲ್ಲಿತ್ತು? ಕಾಕಿಯ ತಲೆ ಮೇಲಿನ ಸೆರಗು ಇತ್ತೋ ಜಾರಿತ್ತೋ? ಬೈದಾಗ ಸಿಟ್ಟಿನ ಮುಖವೋ, ಬರೀ ಅವಸರದ ಮುಖವೋ? ಅವಸರದ್ದು ಅಂದೆ. ಹಾಗೆ ಹೇಳಿದ ಮೇಲೆಯೇ ಅದು ನನಗೂ ಗೊತ್ತಾದದ್ದು. ಎರಡು ವರ್ಷ ನಾನು ಆ ಮುಖವನ್ನು ಸಿಟ್ಟಿನ ಮುಖ ಎಂದೇ ನೋಡುತ್ತಿದ್ದೆ.

ಭೋಜಾಯಿ ಗಂಟಲಲ್ಲೇ ಒಂದು ಎಳೆ ತೆಗೆದು ನೋಡಿದಳು. ಎಡಗೈಯ ಕತ್ತಿ ಅಂದಳು.

"ಬಲಗೈ" ಅಂದೆ.

ಬಲಗೈ ಹಾಕಿ ಮತ್ತೆ ತೆಗೆದಳು. ಸ್ವಲ್ಪ ದೂರ ಹೋಗಿ ನಿಲ್ಲಿಸಿದಳು. ಒಲೆಯ ಉರಿ ಸಣ್ಣ ಮಾಡಿ, ಮೇಡಂ ಎಂದು ಕೆಣಕುವ ದನಿ ಬಿಟ್ಟು, ಮೆಲ್ಲಗೆ ಕೇಳಿದಳು:

"ಫೈಲಿನ ವಿಚಾರ ಹಾಕ್ಲೋ, ಬಿಡ್ಲೋ? ಹಾಕಿದ್ರೆ ನಾನು ಹೋದ್ ಹೋದ್ ಮನೇಲೆಲ್ಲ ಗೊತ್ತಾಗ್ತೈತೆ ನೋಡು. ಆಮೇಲೆ ತೆಗ್ಯಾಕೆ ಬರಲ್ಲ."

ಚಹಾ ಆರಿಹೋಗಿತ್ತು. ಲೋಟವನ್ನು ಕಟ್ಟೆಯ ಮೇಲಿಟ್ಟೆ.

"ಹಾಕು" ಅಂದೆ.

ಅವಳು ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿದಳು. ಮೊದಲ ಸಾಲಿಗೇ ಅದು ನನ್ನದಕ್ಕಿಂತ ಚೆನ್ನಾಗಿತ್ತು.